ಆರಿ ಹತ್ತಿದ ಲೈಟು

ಅಮ್ಮಾ,

ನೀನು ಇದನ್ನು ಓದುವುದಿಲ್ಲ. ಆದರೂ ಹೇಳದೆ ಕೈ ಸುಮ್ಮನಿರುತ್ತಿಲ್ಲ.

ಹಾಸ್ಟೆಲಿಗೆ ಬಂದ ಹೊಸದರಲ್ಲಿ ರೂಮಿಗೆ ಕಾಲಿಟ್ಟ ಕೂಡಲೇ ಲೈಟು ಆರಿಸಿ ಹತ್ತಿಸುತ್ತಿದ್ದೆ. ಕಿವಿ ಕೇಳದ ನಿನ್ನನ್ನು ಹಾಗೇ ಕರೆದು ಬೆಳೆದವಳಲ್ಲವೇ? ರೂಮಿನ ಜೊತೆಗಾತಿ, ಮಹಾ ಬಾಯಿಬಡುಕಿ, ರೇಗುತ್ತಿದ್ದಳು: “ಅಯ್ಯೋ ತಾಯಿ, ಬಾಯಿಗೇನು ಬೀಗ ಹಾಕಿದೀಯಾ? ಕರೆಯೋಕಾಗಲ್ವಾ?”

ಮಾತಾಡುವಾಗ ಕೈ ಆಡಿಸುತ್ತೇನೆಂದು ಕ್ಲಾಸಿನಲ್ಲೂ ನಕ್ಕರು. ಈಗ ಕೈಗಳನ್ನು ಬೆಂಚಿನ ಕೆಳಗಿಟ್ಟು ಮಾತಾಡುವುದು ರೂಢಿಯಾಗಿದೆ. ಲೈಟಿನ ತಂಟೆಗೂ ಹೋಗುವುದಿಲ್ಲ.

ಇವತ್ತು ಸಂಜೆ ಗೋಡೆಗೆ ಮುಖ ಮಾಡಿ ಏನೋ ಯೋಚಿಸುತ್ತ ಕೂತಿದ್ದೆ. ಜೊತೆಗಾತಿ ಎಷ್ಟು ಸಲ ಕರೆದಳೋ, ನನಗೆ ಕೇಳಿಸಲಿಲ್ಲ. ತಟ್ಟನೆ ಲೈಟು ಆರಿ ಹತ್ತಿತು, ಮತ್ತೆ ಆರಿ ಹತ್ತಿತು. ತಿರುಗಿದವಳೇ ಕೈಸನ್ನೆಯಲ್ಲಿ ‘ಬಂದೆ’ ಅಂದುಬಿಟ್ಟೆ.

ಬಾಗಿಲಲ್ಲಿ ಅವಳಿದ್ದಳು. ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು. ಆಮೇಲೆ ಮೆಲ್ಲಗೆ, “ಊಟಕ್ಕೆ ಬಾರೇ,” ಎಂದಳು.

ನೀನು ತೀರಿಹೋದ ಮೇಲೆ ಅಪ್ಪ ಒಂದು ಮಾತು ಹೇಳಿದರು. ನಾನು ಕಾಲೇಜಿಗೆ ಹೊರಟ ದಿನ, ನಾನು ಬೀದಿಯ ತಿರುವು ದಾಟುವವರೆಗೂ ನೀನು ಕಿಟಕಿಯ ಹತ್ತಿರ ನಿಂತು ಲೈಟು ಆರಿಸಿ ಹತ್ತಿಸುತ್ತಲೇ ಇದ್ದೆಯಂತೆ.

ಆವತ್ತು ಬಿಸಿಲು ಜೋರಾಗಿತ್ತಮ್ಮ. ತಿರುಗಿ ನೋಡಿದ್ದರೂ ಕಾಣುತ್ತಿರಲಿಲ್ಲ.