ಎಡೆ ಉಂಡವಳು

ಕೆ.ಆರ್. ನಗರ
೧೮ ನವೆಂಬರ್ ೨೦೨೪, ಸೋಮವಾರ

ಐಶು ಮಗಳೇ,

ಇಲ್ಲಿ ನಾನು ಕ್ಷೇಮ, ಅಲ್ಲಿ ನೀವೆಲ್ಲ ಕ್ಷೇಮವೇ ಎಂದು ಶುರು ಮಾಡಲು ಕೂತೆ, ಕೈ ಓಡಲಿಲ್ಲ. ಸತ್ತುಹೋದವಳು ತಾನು ಕ್ಷೇಮ ಎಂದು ಬರೆದರೆ ಓದುವವರು ಹೆದರಿಕೊಳ್ಳುತ್ತಾರೆ. ಅದಕ್ಕೇ ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಶುಕ್ರವಾರ ಸಂಜೆ ನಮ್ಮ ನಡುಮನೆಯಲ್ಲಿ ನನ್ನ ಫೋಟೊ ಮುಂದೆ ನೀವು ಎಡೆ ಇಟ್ಟಿದ್ದಿರಲ್ಲ, ಅದನ್ನು ತಿಂದದ್ದು ಬೆಕ್ಕಲ್ಲ. ನಾನು.

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿರುವುದರಿಂದ ಈ ಕಾಲದಲ್ಲೂ ಕಾಗದ ಬರೆಯಬೇಕಾಗಿದೆ. ಮನೆಗೆ ಹಾಕಿದರೆ ನಿಮ್ಮಪ್ಪ ಒಡೆದು ಓದಿ ಒಲೆಗೆ ಹಾಕುತ್ತಾರೆ. ಅದಕ್ಕೆ ಹುಣಸೂರಿನ ನಿನ್ನ ಶಾಲೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಕವರಿನ ಹಿಂದೆ ಕಳಿಸಿದವರ ಹೆಸರು ಬರೆದಿಲ್ಲ. ನಿಮ್ಮ ಹೆಡ್‌ಮೇಷ್ಟ್ರು ಕೇಳಿದರೆ ಯಾರೋ ಹಳೆಯ ಗೆಳತಿ ಎಂದುಬಿಡು. ನಿನ್ನ ಮರ್ಯಾದೆ ಕಾಯುವುದರಲ್ಲಿ ನಾನೂ ನಿಮ್ಮಪ್ಪನಿಗಿಂತ ಏನೂ ಕಡಿಮೆಯಿಲ್ಲ ನೋಡು.

ಅವತ್ತು ನಾನು ಕಲ್ಲಿಕೋಟೆಯಿಂದ ಬರುತ್ತಿದ್ದೆ. ಅಲ್ಲಿ ಎರಡು ದಿನ ನಮ್ಮಂಥವರ ಸಮಾವೇಶ ಇತ್ತು. ನಮ್ಮಂಥವರು ಎಂದರೆ, ಎದುರಿಗೆ ಯಾರೂ ಇಲ್ಲದಾಗ ಮಾತು ಕೇಳಿಸುವವರು. ಮೈಸೂರಿನಲ್ಲಿ ನಮ್ಮ ಗುಂಪು ನಡೆಸುವ ನಂದಿತಾ ಮೇಡಂ ವ್ಯಾನು ಮಾಡಿಸಿ, ನಮ್ಮ ಕಡೆಯ ನಾಲ್ಕೂ ತಾಲ್ಲೂಕಿನಿಂದ ಒಂದಷ್ಟು ಜನರನ್ನು ತುಂಬಿಕೊಂಡು ಹೋಗಿದ್ದರು. ನನಗೆ ಇದು ಐದನೆಯದೋ ಆರನೆಯದೋ. ನೀನು ಇವುಗಳಿಗೆ ಅಮ್ಮನ ಟೂರು ಎನ್ನುತ್ತಿದ್ದೆ. ಟೂರೇ ಅಂದುಕೋ. ನಿಮ್ಮ ಮನೆಯಲ್ಲಿದ್ದಾಗ ಮೈಸೂರು, ನಂಜನಗೂಡು ಬಿಟ್ಟು ಬೇರೆ ಊರು ಕಂಡವಳಲ್ಲ. ತಲೆಯೊಳಗೆ ಜನ ಸೇರಿಕೊಂಡ ಮೇಲೆ ಪುಣೆ, ತ್ರಿಶೂರು ಎಲ್ಲ ನೋಡಿದೆ.

ಸಮಾವೇಶದಲ್ಲಿ ಎಲ್ಲರ ಕೊರಳಿಗೂ ಒಂದು ಕಾರ್ಡು ನೇತುಹಾಕುತ್ತಾರೆ. ಡಾಕ್ಟರುಗಳಿಗೆ ನೀಲಿ, ನಮಗೆ ಹಳದಿ. ಊಟದ ಸಾಲು ಮಾತ್ರ ಎಲ್ಲರಿಗೂ ಒಂದೇ. ಅಲ್ಲಿ ಹಳದಿಯವರು ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಳ್ಳುವಾಗ, ಮಕ್ಕಳೆಷ್ಟು ಎಂದು ಕೇಳುವ ಹಾಗೆ, ನಿಮಗೆ ಎಷ್ಟು ಜನ ಎಂದು ಕೇಳುತ್ತಾರೆ. ನನಗೆ ಇಬ್ಬರು ಎಂದೆ. ಪುಣೆಯ ಮುದುಕರೊಬ್ಬರು ತಮಗೆ ಏಳು ಜನ, ಅವರಲ್ಲಿ ಒಬ್ಬ ಮಾತ್ರ ಸಂಭಾವಿತ ಎಂದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ಇಬ್ಬರಲ್ಲಿ ಒಬ್ಬ ಹೊಗೆಸೊಪ್ಪು ಹರಾಜು ಕೂಗುವವನು. ನಾನು ಏನು ಮಾಡಿದರೂ ಅದಕ್ಕೊಂದು ಗ್ರೇಡು ಹಾಕುತ್ತಾನೆ. ಸಾರು ಮಾಡಿದರೆ ಲೋ ಗ್ರೇಡು, ತಲೆ ಬಾಚಿಕೊಂಡರೆ ಲೋ ಗ್ರೇಡು. ಮದುವೆಯಾಗಿ ಬಂದಾಗಿನಿಂದ ನಿಮ್ಮ ಶೆಡ್ಡಿನಲ್ಲಿ ಸೊಪ್ಪು ವಿಂಗಡಿಸಿದೆನಲ್ಲ, ಅಲ್ಲಿಂದಲೇ ಹತ್ತಿಕೊಂಡಿರಬೇಕು. ಇನ್ನೊಬ್ಬಳು ಹೆಂಗಸು, ಅವಳು ಸುಮ್ಮನೆ ಅಳುತ್ತಾಳೆ. ಮಾತ್ರೆ ತೆಗೆದುಕೊಳ್ಳುತ್ತೇನೆ, ಚಟ್ನಿಪುಡಿ ಮಾಡುವ ಕೆಲಸಕ್ಕೆ ಹೋಗುತ್ತೇನೆ, ಅವರು ಅವರ ಪಾಡಿಗೆ ಇರುತ್ತಾರೆ, ನಾನು ನನ್ನ ಪಾಡಿಗೆ.

ಅಲ್ಲಿಯ ಜನರೇನೂ ದೇವರುಗಳಲ್ಲ. ವೇದಿಕೆ ಮೇಲೆ ನಮಗೆ ಹತ್ತು ನಿಮಿಷ ಕೊಡುತ್ತಾರೆ. ನರಳಿದ್ದನ್ನು ಹೇಳಬೇಕು, ಆದರೆ ಕೊನೆಗೆ ಎಲ್ಲ ಸರಿಹೋಯಿತು ಎನ್ನಬೇಕು, ಇಲ್ಲದಿದ್ದರೆ ಮುಂದಿನ ಸಾಲಿನವರ ಮುಖ ಬಾಡುತ್ತದೆ. ಕೊನೆಯಲ್ಲಿ ಒಂಚೂರು ಭರವಸೆ ಇರಲಿ ಅಮ್ಮ ಎಂದು ನಂದಿತಾ ಮೇಡಂ ಹೇಳಿಕೊಟ್ಟಿದ್ದರು. ನನ್ನ ಹತ್ತಿರ ಇಲ್ಲದ್ದನ್ನು ಎಲ್ಲಿಂದ ತರಲಿ? ನನ್ನ ಮಗಳು ಟೀಚರು, ಊರೆಲ್ಲ ಬಿಟ್ಟರೂ ಅವಳು ನನ್ನ ಪಕ್ಕ ನಿಂತಳು ಎಂದುಬಿಟ್ಟೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು. ಮನೆಯಲ್ಲಿ ನಿಜ ಹೇಳಿದ್ದಕ್ಕೆ ನೀವು ನನ್ನನ್ನು ತವರಿಗೆ ಸಾಗಿಸಿದಿರಿ, ಅಲ್ಲಿ ಸುಳ್ಳು ಹೇಳಿದ್ದಕ್ಕೆ ಶಾಲು ಸಿಕ್ಕಿತು. ಶಾಲು ಈಗ ನಿನ್ನ ನಂಜುಂಡೇಶ್ ಮಾವನ ಮನೆಯಲ್ಲಿ ಟಿ.ವಿ. ಮುಚ್ಚಲು ಬಳಸುತ್ತಿದ್ದಾರೆ.

ನಿನಗೆ ನನ್ನ ಮೇಲೆ ಸಿಟ್ಟಿರುವುದು ಯಾಕೆಂದು ಗೊತ್ತು. ಮೈಸೂರಿನ ಮೊದಲ ಸಮಾವೇಶದಲ್ಲಿ ನಾನು ಮಾತಾಡಿದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಹರಡಿದರು. ನಮ್ಮೂರು ಕಟ್ಟೆಮಳಲವಾಡಿಯಲ್ಲಿ ಅದನ್ನು ನೋಡದವರಿಲ್ಲ. ಹೊಸ ಅಗ್ರಹಾರದಿಂದ ಬಂದಿದ್ದ ಸಂಬಂಧ ಅದರಿಂದಲೇ ಮುರಿಯಿತು. ಅವತ್ತು ನೀನು ಫೋನು ಮಾಡಿ, ನೀನು ಬಾಯಿ ತೆಗೆದಾಗಲೆಲ್ಲ ನಾನು ಸಾಯ್ತೀನಿ ಕಣಮ್ಮ ಅಂದೆ. ಅದಾದ ಮೇಲೆ ನಿನ್ನ ದನಿ ಕೇಳಿಲ್ಲ. ನಾನೂ ನಿನಗೆ ಗಂಡು ಸಿಕ್ಕರೆ ಸಾಕು ಎಂದು ಬೇಡಿಕೊಂಡೆ. ಗಂಡು ಸಿಗಲು ನಾನು ಸಾಯಬೇಕಾಗುತ್ತದೆ ಎಂದು ಮಾತ್ರ ತಿಳಿದಿರಲಿಲ್ಲ. ನಿನ್ನ ಮದುವೆಯ ಸುದ್ದಿ ನನಗೆ ಹೇಗೆ ಗೊತ್ತಾಯಿತೆಂದು ಕೇಳಬೇಡ. ಗೊತ್ತಾಯಿತು.

ಶುಕ್ರವಾರ ನಮ್ಮ ವ್ಯಾನು ಕುಟ್ಟ, ಗೋಣಿಕೊಪ್ಪದ ಮೇಲೆ ಬಂದು ಹುಣಸೂರಿನಲ್ಲಿ ನಿಂತಿತು. ನಿನಗೆಂದು ಕಲ್ಲಿಕೋಟೆಯ ಹಲ್ವಾ ತಂದಿದ್ದೆ. ಕೊಟ್ಟು ಹೋಗೋಣವೆಂದು ಅಲ್ಲೇ ಇಳಿದು ಆಟೋ ಹಿಡಿದೆ. ನಮ್ಮ ಬೀದಿ ಮೂಲೆಗೆ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಮನೆ ಮುಂದೆ ಎರಡು ಕಾರು. ಜನವೆಲ್ಲ ಅಂಗಳದಲ್ಲಿ ನಿಂತಿದ್ದಾರೆ, ಮುಂಬಾಗಿಲು ಮುಚ್ಚಿದೆ. ಒಳಗೆ ಎಡೆ ಇಟ್ಟು, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಹಾಕಿಕೊಂಡು ಹೊರಗೆ ಕಾಯುತ್ತಿದ್ದೀರಿ ಎಂದು ನೋಡಿದ ಕೂಡಲೇ ತಿಳಿಯಿತು. ಆ ಮನೆಯಲ್ಲಿ ಎಷ್ಟು ಪಿತೃಪಕ್ಷಕ್ಕೆ ನಾನೇ ಎಡೆ ಬಡಿಸಿ, ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಹಾಗೆಯೇ ಹೊರಗೆ ನಿಂತಿಲ್ಲ? ಬೀಗರ ಮುಂದೆ ಬರುವುದು ಬೇಡವೆಂದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಹಿಂದಿನಿಂದ ಬಳಸಿಕೊಂಡು ಹಿತ್ತಲಿಗೆ ಬಂದೆ. ಹಿತ್ತಲ ಬಾಗಿಲು ಸುಮ್ಮನೆ ಮುಂದಕ್ಕೆ ಎಳೆದಿತ್ತು.

ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ಗೋಡೆಗೆ ಒರಗಿಸಿದ ಫೋಟೊದಲ್ಲಿ ನಾನು, ಹಣೆಯ ಮೇಲೆ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ. ಮೊದಲು ನನ್ನ ಮೇಲೇ ಅನುಮಾನ ಬಂತು. ಇಲ್ಲದ್ದು ಕೇಳಿಸುವುದು ನನಗೆ ಅಭ್ಯಾಸ, ಇಲ್ಲದ್ದು ಕಾಣಿಸಿದ್ದು ಎಂದೂ ಇಲ್ಲ. ಹಾರವನ್ನು ಮುಟ್ಟಿ ನೋಡಿದೆ, ಒದ್ದೆಯಿತ್ತು. ಚಾಮುಂಡಿ ಬೆಟ್ಟದಲ್ಲಿ ನಾವು ಮೂವರೂ ತೆಗೆಸಿಕೊಂಡ ಫೋಟೊದಿಂದ ನನ್ನನ್ನು ಕತ್ತರಿಸಿ ದೊಡ್ಡದು ಮಾಡಿಸಿದ್ದೀರಿ. ಕತ್ತರಿಸಿದವನು ಸರಿಯಾಗಿ ಕತ್ತರಿಸಿಲ್ಲ, ನನ್ನ ಹೆಗಲ ಮೇಲೆ ನಿನ್ನ ನಾಲ್ಕು ಬೆರಳು ಹಾಗೇ ಉಳಿದಿವೆ. ಬೀಗರು ಯಾರೂ ಅದನ್ನು ಗಮನಿಸಲಿಲ್ಲವೇ?

ಮುಂದೆ ಹರಿವಾಣದಲ್ಲಿ ಒಂದು ರೇಷ್ಮೆ ಸೀರೆ, ಹಸಿರು ಮೈ, ಕೆಂಪು ಅಂಚು. ನಾನು ಬದುಕಿದ್ದಾಗ ನಿಮ್ಮಪ್ಪ ಯುಗಾದಿಗೊಂದು ವಾಯಿಲ್ ಸೀರೆ ತಂದು ಅದನ್ನೂ ಗೊಣಗಿಕೊಂಡೇ ಕೊಡುತ್ತಿದ್ದರು. ನನ್ನ ಹರಾಜಿನವನು ಅಷ್ಟು ಹೊತ್ತಿಗೆ ಬಾಯಿಬಿಟ್ಟ. ಇಷ್ಟು ವರ್ಷದಲ್ಲಿ ಮೊದಲ ಸಲ ಬ್ರೈಟ್ ಗ್ರೇಡು ಎಂದು ಕೂಗಿದ. ನನಗೆ ನಗು ಬಂದು ಸೆರಗು ಬಾಯಿಗೆ ತುರುಕಿಕೊಂಡೆ.

ಎಲೆ ತುಂಬ ಬಡಿಸಿದ್ದಿರಿ. ಒಬ್ಬಟ್ಟು, ವಡೆ, ಚಿತ್ರಾನ್ನ, ನಾನು ಯಾವತ್ತೂ ಮುಟ್ಟದ ಬದನೆಕಾಯಿ ಪಲ್ಯ. ನಿಮ್ಮಪ್ಪನಿಗೆ ನನಗೇನು ಸೇರುತ್ತದೆ ಎಂದು ಗೊತ್ತಿದ್ದರೆ ತಾನೆ. ಬಿಚ್ಚಿ ನೋಡಿದ್ದ ಸೀರೆಯನ್ನು ಮಡಿಸಿಡಲು ಬಗ್ಗಿದಾಗ ಎಲೆಯ ತುದಿಯಲ್ಲಿ ಕಂಡಿತು, ಬೇಕರಿಯ ಖಾರ ಬಿಸ್ಕತ್ತು, ಪಕ್ಕದಲ್ಲಿ ಒಂದು ಲೋಟ ಕಾಫಿ. ನಾನು ಅದನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡು, ಎಲ್ಲರೂ ತೋಟಕ್ಕೆ ಹೋದ ಮೇಲೆ ಕಾಫಿಗೆ ಅದ್ದಿ ತಿನ್ನುತ್ತಿದ್ದುದು ನಿನ್ನೊಬ್ಬಳಿಗೇ ಗೊತ್ತಿತ್ತು. ಫೋಟೊ, ಹಾರ, ಸೀರೆ ಎಲ್ಲವನ್ನೂ ತಡೆದುಕೊಂಡಿದ್ದೆ ಕಣೇ. ಬಿಸ್ಕತ್ತು ನೋಡಿ ಅಳು ತಡೆಯಲಾಗಲಿಲ್ಲ. ನನ್ನನ್ನು ಸಾಯಿಸಿದವಳೂ ನೀನೇ, ನನಗೇನು ಇಷ್ಟ ಎಂದು ನೆನಪಿಟ್ಟು ಬಡಿಸಿದವಳೂ ನೀನೇ. ಕೂತು ಬಿಸ್ಕತ್ತೆಲ್ಲ ತಿಂದೆ. ಕಾಫಿ ಆರಿತ್ತು, ಕುಡಿದೆ. ಬದನೆಕಾಯಿಯನ್ನು ಎಲೆಯ ಅಂಚಿಗೆ ತಳ್ಳಿದೆ.

ಹೊರಗೆ ಕೆಮ್ಮಿ ಬಾಗಿಲು ತಟ್ಟಿದ ಸದ್ದಾಯಿತು. ಎದ್ದು ಹಿತ್ತಲಿಗೆ ಓಡಿ ಶೆಡ್ಡಿನಲ್ಲಿ ಸೊಪ್ಪಿನ ಬೇಲುಗಳ ಸಂದಿಯಲ್ಲಿ ನಿಂತೆ. ಅಲ್ಲಿಗೆ ಎಲ್ಲವೂ ಕೇಳಿಸುತ್ತಿತ್ತು. ಮೊದಲು ಗಂಡಿನ ಕಡೆಯ ಹಿರಿಯರೊಬ್ಬರು, ಚಿಕ್ಕಬಸಪ್ಪನವರೇ ಎಂದು ಎಲ್ಲರೂ ಕರೆಯುತ್ತಿದ್ದರಲ್ಲ, ಅವರು, "ಅಮ್ಮಾವ್ರು ಬಂದು ಉಂಡವ್ರೆ ಕಣ್ರೀ, ಕಾಪೀನೂ ಕುಡ್ದವ್ರೆ. ಇನ್ನೇನ್ ಬೇಕು, ಮದ್ವೆಗೆ ಒಪ್ಗೆ ಆಯ್ತು" ಎಂದು ದೊಡ್ಡ ದನಿ ತೆಗೆದರು. ಹೆಂಗಸರೆಲ್ಲ ಲೊಚಗುಟ್ಟುತ್ತಾ ಕೈ ಮುಗಿದಿರಬೇಕು. ನಿಮ್ಮಪ್ಪನ ಸೋದರತ್ತೆ ಸಣ್ಣತಾಯಮ್ಮನಿಗೆ ಎಲ್ಲ ಗೊತ್ತಿದ್ದರೂ, "ನಮ್ ಮಂಗ್ಳಂಗೆ ಬದ್ನೇಕಾಯಂದ್ರೆ ಆಗ್ತಿರ್ನಿಲ್ಲ, ನೋಡಿ ಅಂಗೇ ಬುಟ್ಟವ್ಳೆ" ಎಂದು ಅತ್ತರು. ನಾನು ಸತ್ತಿದ್ದು ನಿಜವೇ ಎಂದು ನಂಬುವಷ್ಟು ಚೆನ್ನಾಗಿ ಅತ್ತರು. ನಿಮ್ಮಪ್ಪ ಮಾತ್ರ, "ಬೆಕ್ಕಿರ್ಬೇಕು ಬುಡಿ, ಬೆಕ್ಕಿರ್ಬೇಕು" ಎಂದು ಎರಡು ಸಲ ಹೇಳಿದರು. ನೀನೇನು ಹೇಳುತ್ತೀಯ ಎಂದು ಕಾದೆ. ನೀನು ಮೆಲ್ಲಗೆ, "ಅಪ್ಪಾಜಿ, ಹಿತ್ಲು ಬಾಗ್ಲಿಗೆ ಚಿಲ್ಕ ಹಾಕ್ಬುಡಿ" ಅಂದೆ.

ನಿನಗೆ ಗೊತ್ತಾಗಿತ್ತು. ಬಂದದ್ದು ಯಾರು, ನಿಂತಿರುವುದು ಎಲ್ಲಿ ಎಂದು ಗೊತ್ತಿದ್ದೇ ಹಾಗೆ ಹೇಳಿದೆ. ಹತ್ತು ವರ್ಷದಿಂದ ತಲೆಯೊಳಗಿನವರು ನನಗೆ ಏನೇನೋ ಅಂದಿದ್ದಾರೆ, ಬಾವಿಗೆ ಬೀಳು ಎಂದೂ ಅಂದಿದ್ದಾರೆ. ಅವರಾರೂ ನನಗೆ ಇಷ್ಟು ನೋವು ಮಾಡಿರಲಿಲ್ಲ. ಚಿಲಕ ಬಿದ್ದ ಸದ್ದು ಕೇಳಿದ ಮೇಲೆ ರಸ್ತೆಗೆ ಬಂದು ಹುಣಸೂರಿನ ಬಸ್ಸು ಹತ್ತಿದೆ. ಹಲ್ವಾ ಶೆಡ್ಡಿನಲ್ಲೇ ಉಳಿಯಿತು, ಇರುವೆ ಬರುವ ಮುಂಚೆ ತೆಗೆದುಕೊ.

ನಿನ್ನ ಮದುವೆಗೆ ನಾನು ಬರುವುದಿಲ್ಲ. ನಿಮ್ಮಪ್ಪನಿಗೆ ಹೇಳು, ಛತ್ರದ ಬಾಗಿಲಲ್ಲಿ ಕಾವಲು ನಿಲ್ಲಿಸುವುದು ಬೇಡ. ಧಾರೆ ಮುಗಿಯುವ ತನಕ ಸತ್ತವಳಾಗಿಯೇ ಇರುತ್ತೇನೆ. ಈ ಬೀಗರೂ ಎದ್ದುಹೋದರೆ ಅದೂ ನನ್ನ ತಲೆಗೇ ಬರುತ್ತದೆ. ಆದರೆ ಅದಾದ ಮೇಲೆ ಆ ಫೋಟೊ ಇಳಿಸಬೇಕು. ನಿನ್ನ ಮಕ್ಕಳಿಗೆ ಗೋಡೆ ತೋರಿಸಿ ಇದು ನಿಮ್ಮಜ್ಜಿ ಎನ್ನಬೇಡ. ಆ ಸೀರೆಯನ್ನು ನೀನು ಉಡಬೇಕೋ ಬಿಡಬೇಕೋ ನನಗೂ ತಿಳಿಯದು. ಬದುಕಿರುವವಳಿಗೆ ಎಡೆ ಇಟ್ಟವರು ನಮ್ಮ ಕಡೆ ಯಾರೂ ಇದ್ದಂತಿಲ್ಲ, ಶಾಸ್ತ್ರ ಕೇಳುವುದಾದರೂ ಯಾರನ್ನು? ಜನವರಿಯಲ್ಲಿ ಹೈದರಾಬಾದಿಗೆ ಕರೆದಿದ್ದಾರೆ, ಹೋಗುತ್ತೇನೆ. ಅಲ್ಲಿ ನಿನ್ನ ಹೆಸರೆತ್ತುವುದಿಲ್ಲ. ಮಗಳು ಪಕ್ಕ ನಿಂತಳು ಎಂದು ಇನ್ನೊಂದು ಸಲ ಹೇಳಲು ನನ್ನ ನಾಲಿಗೆ ತಿರುಗುವುದಿಲ್ಲ.

ಮದುವೆ ದಿನ ಏನಾದರೂ ತಿಂದುಕೊ. ಹಸಿದರೆ ನಿನಗೆ ತಲೆಸುತ್ತು ಬರುತ್ತದೆ.

ಇನ್ನೂ ಬದುಕಿರುವ ನಿನ್ನ ಅಮ್ಮ,
ಸರ್ವಮಂಗಳ

ಮತ್ತೆ: ಹಲ್ವಾ ಕೊಡಲು ಇಳಿದೆ ಎಂದು ಬರೆದದ್ದು ಸುಳ್ಳು. ಕಲ್ಲಿಕೋಟೆಯಿಂದ ಬರುವಾಗ ವ್ಯಾನಿನಲ್ಲಿ ನನ್ನ ಪಕ್ಕ ಪಿರಿಯಾಪಟ್ಟಣದ ಉಷಾರಾಣಿ ಎನ್ನುವವರು ಕೂತಿದ್ದರು. ನಮ್ಮಂಥವರೇ. ಎಚ್.ಡಿ. ಕೋಟೆಯಲ್ಲಿರುವ ತಂಗಿಯ ಮನೆಗೆ ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಸಮಾವೇಶಕ್ಕೆ ಬಂದಿದ್ದರು. ಮಗನಿಗೆ ಮದುವೆ, ಇವತ್ತು ಸಂಜೆ ಕಟ್ಟೆಮಳಲವಾಡಿಯ ಹೆಣ್ಣಿನ ಮನೆಯಲ್ಲಿ ಹಿರಿಯರ ಪೂಜೆ, ತನ್ನನ್ನು ಮಾತ್ರ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ, ಕೇಳಿದವರಿಗೆ ಉಬ್ಬಸ ಎನ್ನುತ್ತಾರೆ ಎಂದರು. ಮಗನ ಹೆಸರು ತೇಜಸ್ ಎಂದು ಹೇಳಿ, ಫೋನಿನಲ್ಲಿ ನಿನ್ನ ಫೋಟೊ ತೋರಿಸಿದರು. "ಪಾಪ, ತಾಯಿ ಇಲ್ದಿರೋ ಹೆಣ್ಮಗ ಕಣಕ್ಕ, ಆ ಕೊರ್ಗು ಬರ್ದಂಗೆ ನೋಡ್ಕೋತೀನಿ. ನೀವೂ ಒಂದ್ ಒಳ್ಳೆ ಮಾತ್ ಅನ್ನಿ" ಎಂದು ಕೈ ಹಿಡಿದುಕೊಂಡರು. ಚೆನ್ನಾಗಿರಲಿ ಎಂದೆ. ನಾನು ಯಾರೆಂದು ಹೇಳಲಿಲ್ಲ.

ಅವರಿಗೆ ಕೇಳಿಸುವುದು ಹೆಚ್ಚಾಗಿ ಬೆಳಗ್ಗೆ, ಅಡುಗೆಮನೆಯಲ್ಲಿ. ಒಬ್ಬರೇ ಮಾತಾಡುತ್ತಾ ನಿಂತಿರುವುದು ಕಂಡರೆ ಹೆದರಿ ಆಚೆ ಹೋಗಬೇಡ. ಹತ್ತಿರ ಹೋಗಿ, ಅವರು ಏನಂತಿದ್ದಾರೆ ಅತ್ತೆ ಎಂದು ಕೇಳು. ಅಷ್ಟು ಕೇಳಿದರೆ ಸಾಕು, ಜೀವ ಹಗುರಾಗುತ್ತದೆ. ನನ್ನನ್ನು ನೀನು ಒಂದು ಸಲವೂ ಕೇಳಲಿಲ್ಲ.