ಅಟ್ಟದ ಜೇಡಗಳು

ನಿನೋವೆ
20 ನವೆಂಬರ್ 1961

ಯೋರಿಸ್,

ಪ್ರೀತಿಯ ಎಂದು ಶುರುಮಾಡುವುದು ವಾಡಿಕೆ. ಬರೆದಿದ್ದೇನೆ ಅಂತಲೇ ಓದಿಕೋ.

ನಿನ್ನ ಕಾಗದ ಬಂದು ತಿಂಗಳಾಯಿತು. ಅಪ್ಪ ತೀರಿಕೊಂಡರು, ಬ್ರೂವರಿ ನನ್ನ ಕೈಗೆ ಬಂತು, ಅಟ್ಟಕ್ಕೆ ಸುಣ್ಣ ಬಳಿದವನು ನಾನೇ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ, ಇನ್ನು ವಾಪಸು ಬಾ ಎಂದು ನೀನು ಬರೆದಿದ್ದೆ. ನಾನು ಉತ್ತರ ಬರೆಯಲಿಲ್ಲ. ನಿನ್ನೆ ಭಾನುವಾರ ಬೇರೆ ಕೆಲಸವಿರಲಿಲ್ಲ. ಸುಮ್ಮನೆ ನೋಡಿಕೊಂಡು ಬರೋಣವೆಂದು ಬಸ್ಸು ಹತ್ತಿದೆ. ಬ್ರೂವರಿ ನೋಡಲು ಬಂದವರ ಸಾಲಿನಲ್ಲಿ ನಿಂತು ನಾನೂ ಟಿಕೆಟ್ ಕೊಂಡೆ. ತಲೆಗೆ ಅಮ್ಮನ ವಸ್ತ್ರ ಕಟ್ಟಿಕೊಂಡಿದ್ದೆ. ನೀನು ಗುರುತು ಹಿಡಿಯಲಿಲ್ಲ.

ನೀನು ಚೆನ್ನಾಗಿ ಮಾತಾಡುತ್ತೀಯ, ಅದನ್ನು ಒಪ್ಪಬೇಕು. ಕುದಿಸುವ ಹಂಡೆ ತೋರಿಸಿದೆ, ನೆಲಮಾಳಿಗೆಯ ಪೀಪಾಯಿಗಳನ್ನು ತಟ್ಟಿ ಸದ್ದು ಕೇಳಿಸಿದೆ. ಆಮೇಲೆ ಕಡಿದಾದ ಮೆಟ್ಟಿಲು ಹತ್ತಿಸಿ, ಕುದಿಸಿದ ರಸ ಆರಲು ಬಿಡುವ ತಾಮ್ರದ ತೊಟ್ಟಿಯ ಹತ್ತಿರ, ಅಟ್ಟಕ್ಕೆ ಕರೆದೊಯ್ದೆ. ಅಲ್ಲಿ ಒಬ್ಬಳು ಹೆಂಗಸು ಜೇಡರ ಬಲೆ ಕಂಡು ಕೊಡೆ ಎತ್ತಿದಳು.

"ಅಯ್ಯೋ, ಮುಟ್ಬೇಡಿ ತಾಯಿ!" ಎಂದು ನೀನು ಕೂಗಿದೆ. "ಈ ಗೋಡೆ, ಈ ಧೂಳೇ ನಮ್ಮ ಬಿಯರಿಗೆ ಹೆಪ್ಪು. ನಾವು ಬೇರೇನೂ ಹಾಕಲ್ಲ. ನೊಣ ಬೀಳದ ಹಾಗೆ ಕಾಯೋರು ಈ ಜೇಡಗಳು. ಸಂಬಳ ಕೇಳದೆ ದುಡಿಯೋರು ಈ ಮನೇಲಿ ಇವರು ಮಾತ್ರ."

ಎಲ್ಲರೂ ನಕ್ಕರು. ನನಗೂ ನಗು ಬಂತು. ಆಗ ಅವಳು, "ಯಾರೂ ಗುಡಿಸಿದ್ದೇ ಇಲ್ವಾ?" ಎಂದು ಕೇಳಿದಳು.

ನಾನು ಕಂಬ ಹಿಡಿದುಕೊಂಡೆ.

"ಒಬ್ಬಳು ಗುಡಿಸಿದ್ಲು," ಎಂದೆ ನೀನು. "ನನ್ನ ಹೆಂಡ್ತಿ! ಆಲೂಗಡ್ಡೆ ಹೊಲದೋಳು, ಪೊರಕೆ ಹಿಡ್ಕೊಂಡೇ ಹುಟ್ಟಿದೋಳು. ಗುಡಿಸಿ, ಸುಣ್ಣಾನೂ ಬಳಿದ್ಲು. ಆ ಚಳಿಗಾಲದ ಬಿಯರೆಲ್ಲ ಕೆಟ್ಟು ಚರಂಡಿಗೆ ಹೋಯ್ತು."

"ಈಗೆಲ್ಲಿದಾಳೆ?" ಎಂದ ಒಬ್ಬ ಮುದುಕ.

"ಅವಳನ್ನೂ ಗುಡಿಸಿ ಹಾಕಿದ್ವಿ," ಎಂದೆ ನೀನು.

ಈ ಸಲ ಇನ್ನೂ ಜೋರಾಗಿ ನಕ್ಕರು.

ಪತ್ರಿಕೆಯವರು ಫೋಟೋ ತೆಗೆಯಲು ಬರುತ್ತಾರೆಂದು, ಮಾವ ಆಸ್ಪತ್ರೆಯಲ್ಲಿದ್ದಾಗ ಸುಣ್ಣದ ಬಕೆಟ್ ಹಿಡಿದು ಆ ಮೆಟ್ಟಿಲು ಹತ್ತಿದವನು ನೀನು. ಅವರನ್ನು ಒಂದು ಮಾತು ಕೇಳು ಎಂದವಳು ನಾನು. ಬಿಯರ್ ಕೆಟ್ಟ ಮೇಲೆ ಮಾವ ಊಟದ ಹೊತ್ತಿನಲ್ಲಿ, ಯಾರು ಮಾಡಿದ್ದು ಎಂದು ಕೇಳಿದರು. ನೀನು ತಟ್ಟೆ ನೋಡುತ್ತ ಕುಳಿತೆ. ಅತ್ತೆ ನನ್ನತ್ತ ಕೈ ತೋರಿಸಿದರು. "ನಿನ್ನನ್ನಾದ್ರೆ ಬೈದು ಬಿಡ್ತಾರೆ, ನಾನು ಅಂತ ಗೊತ್ತಾದ್ರೆ ಬ್ರೂವರಿ ಕೊಡಲ್ಲ" ಎಂದು ನೀನು ಆಮೇಲೆ ಕಿವಿಯಲ್ಲಿ ಹೇಳಿದೆ. ನಾನು ಬಾಯಿ ಮುಚ್ಚಿಕೊಂಡೆ. ಅವರು ಬೈದು ಬಿಡಲಿಲ್ಲ, ಮನೆಯನ್ನೇ ಬಿಡಿಸಿದರು.

ನೀನು ಅಪ್ಪನ ಹೆದರಿಕೆಗೆ ಸುಮ್ಮನಿದ್ದೆ ಎಂದು ನಾನು ಇಷ್ಟು ದಿನ ನಂಬಿದ್ದೆ. ನಿನ್ನೆ ಆ ಅಟ್ಟದಲ್ಲಿ ನೀನು ಯಾರಿಗೆ ಹೆದರಬೇಕಿತ್ತು?

ಕೊನೆಗೆ ಎಲ್ಲರಿಗೂ ಕೊಟ್ಟ ಬಿಯರನ್ನು ನಾನೂ ಕುಡಿದೆ. ಹುಳಿ ಚೆನ್ನಾಗಿ ಬಂದಿದೆ. ಗೋಡೆ ಮತ್ತೆ ಕಪ್ಪಾಗಿದೆ, ಜೇಡಗಳು ವಾಪಸು ಬಂದಿವೆ. ನಾನು ಬರುವುದಿಲ್ಲ.

ಕೊಲೆಟಾ

ತಾ.ಕ.: ಸುಮ್ಮನೆ ನೋಡಿಕೊಂಡು ಬರೋಣವೆಂದು ಹೊರಟೆ ಎಂದು ಮೇಲೆ ಬರೆದದ್ದು ನಿಜವಲ್ಲ. ಬ್ರೂವರಿಯ ಎದುರಿನ ಝುಲ್ಮಾಳ ಕಾಫಿ ಅಂಗಡಿಯಲ್ಲಿ ನನ್ನ ಬಟ್ಟೆಯ ಪೆಟ್ಟಿಗೆ ಇಟ್ಟು, ಸಂಜೆ ಯೋರಿಸ್ ಬಂದು ತೆಗೆದುಕೊಂಡು ಹೋಗುತ್ತಾನೆ ಎಂದು ಹೇಳಿದ್ದೆ. ನಾನೊಬ್ಬಳೇ ಹಿಂತಿರುಗಿ ಹೋದೆ. ಬಸ್ಸಿನವರೆಗೂ ಪೆಟ್ಟಿಗೆಯನ್ನು ಅವಳೇ ಹೊತ್ತು ತಂದಳು.