ಹತ್ತು ಗಂಟೆಯ ಫೋನು

ಧ್ವನಿಮುದ್ರಣದ ಕೋಣೆ, ಮಂಗಳವಾರ
ಮತದಾನಕ್ಕೆ ಇನ್ನು ನಾಲ್ಕು ದಿನ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಮಂಡಿನೋವು ಹತೋಟಿಯಲ್ಲಿದೆಯೇ? ಅಕ್ಕ ಇದನ್ನು ಓದಿ ಹೇಳುವಾಗ ಗಟ್ಟಿಯಾಗಿ ಓದಲಿ; ನಾಟಕದವರ ಮನೆಯಲ್ಲಿ ಹುಟ್ಟಿಯೂ ಅವಳದು ಮೂಗಿನೊಳಗಿನ ಮಾತು. ಇಲ್ಲಿ ನನ್ನ ದನಿಯೇ ಬಿದ್ದುಹೋಗಿದೆ. ಒಂದು ತಿಂಗಳು ಗಾಳಿಯಾಡದ ಈ ಪೆಟ್ಟಿಗೆಯಲ್ಲಿ ನಿಂತು ಬೆಳಿಗ್ಗೆ ಆಳುವ ಪಕ್ಷಕ್ಕೆ ರೇಡಿಯೋ ಜಾಹೀರಾತು, ಮಧ್ಯಾಹ್ನ ಎದುರು ಪಕ್ಷಕ್ಕೆ ಟೀವಿ ಜಾಹೀರಾತು ಓದಿದೆ. ಇವರಿಗೆ ರಾಜ್ಯ ಬೆಳಗಿದೆ, ಅವರಿಗೆ ಮುಳುಗಿದೆ. ಬೆಳಗಿಸಿದ್ದೂ ಮುಳುಗಿಸಿದ್ದೂ ಈ ಒಂದೇ ಗಂಟಲು. ರಂಗದ ಮೇಲೆ ಒಂದೇ ಆಟದಲ್ಲಿ ರಾಜನೂ ಆಗಿ, ಅವನ ತಲೆ ಕಡಿಯುವವನೂ ಆಗಿದ್ದವನು ನಾನು, ಇಷ್ಟು ದಣಿದಿರಲಿಲ್ಲ. ಕೊನೆಗೆ ವೈದ್ಯರು ಎರಡು ವಾರ ತುಟಿ ಪಿಟ್ಟೆನ್ನಕೂಡದು ಎಂದರು. ಈಗ ಟೀ ಬೇಕೆಂದರೂ ಚೀಟಿ ಬರೆಯಬೇಕು.

ನಿನ್ನೆ ಅಕ್ಕನ ಪತ್ರ ಬಂತು. ದಿನಾ ಬೆಳಿಗ್ಗೆ ಹತ್ತಕ್ಕೆ ಮಗ ಫೋನ್ ಮಾಡುತ್ತಾನೆಂದು ಬೀದಿಗೆಲ್ಲ ಹೇಳಿಕೊಂಡಿದ್ದೀಯಂತೆ. ಅಮ್ಮಾ, ಅದು ನಾನಲ್ಲ. ಮುದ್ರಿಸಿಟ್ಟ ನನ್ನ ದನಿ. ಯಂತ್ರವೊಂದು ಅದನ್ನು ಲಕ್ಷ ಮನೆಗಳಿಗೆ ಒಟ್ಟಿಗೇ ಕಳಿಸುತ್ತದೆ. "ಅಮ್ಮಾ, ನಾನು ನಿಮ್ಮ ಮನೆಮಗ. ಹೇಗಿದ್ದೀರಿ?" ಎಂದು ಅಭ್ಯರ್ಥಿಯ ಪರವಾಗಿ ಓದಲು ಕೊಟ್ಟಿದ್ದರು. ಓದಿ, ರಂಗದ ಅಭ್ಯಾಸದಂತೆ, ಮೂರು ಉಸಿರು ನಿಂತೆ. ರೆಕಾರ್ಡಿಂಗ್ ಮಾಡುವವನು ಆ ಖಾಲಿ ಜಾಗ ಕತ್ತರಿಸಲು ಹೊರಟ. "ಮುಟ್ಟಬೇಡ ಮಾರಾಯ, ಪ್ರಶ್ನೆ ಕೇಳಿದವನು ಉತ್ತರಕ್ಕೆ ಕಾಯಬೇಕು" ಎಂದು ಗದರಿದೆ. ಆ ಮೂರು ಉಸಿರಿನಲ್ಲಿ ನೀನು ದಿನಾ ಮಂಡಿನೋವು ತೋಡಿಕೊಳ್ಳುತ್ತಿದ್ದೀಯಂತೆ. ಆಮೇಲೆ ನನ್ನ ದನಿ "ನಿಮ್ಮ ಕಷ್ಟ ನನಗೆ ಗೊತ್ತು, ನಿಮ್ಮ ಬಾಗಿಲಿಗೇ ಬರುತ್ತೇನೆ" ಅನ್ನುತ್ತದೆ. ಅದನ್ನು ಕೇಳಿದಾಗಿನಿಂದ ಹಗಲಿಡೀ ಬಾಗಿಲಿಗೆ ಚಿಲಕ ಹಾಕಲು ಬಿಡುತ್ತಿಲ್ಲವಂತೆ. "ಹೆತ್ತ ತಾಯಿಗೆ ಬಹುವಚನ ಹಾಕ್ತಾನೆ, ಸೊಕ್ಕು ನೋಡು" ಎಂದು ಬೈದೆಯಂತೆ. ನಗಲು ಹೋದೆ, ನಗುವುದೂ ಬೇಡವೆಂದಿದ್ದಾರೆ ವೈದ್ಯರು.

ಅಕ್ಕನಿಗೂ ಭಾವನಿಗೂ ನನ್ನ ನೆನಪು ತಿಳಿಸು. ನಿನ್ನ ಆಶೀರ್ವಾದ ಈ ಗಂಟಲಿನ ಮೇಲಿರಲಿ.

ಹುಟ್ಟಿದಾಗ ಅತ್ತ ಅಬ್ಬರಕ್ಕೆ ನೀನೇ ಹೆಸರಿಟ್ಟ,
ಗುಡುಗ

ಮರೆತಿದ್ದೆ: ನಾಳೆ ನಿಮ್ಮ ಬೀದಿಗೆ ಬರುವ ಪ್ರಚಾರದ ವ್ಯಾನಿನ ಡ್ರೈವರ್ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ, ಆಗಲೇ ಹಾರನ್ ಹೊಡೆಯುತ್ತಿದ್ದಾನೆ. ಗುರುವಾರ ಸಂಜೆಗೆ ಪ್ರಚಾರ ಮುಗಿಯುತ್ತದೆ. ಶುಕ್ರವಾರ ಹತ್ತಕ್ಕೆ ಫೋನ್ ಬರುವುದಿಲ್ಲ. ಬೈದದ್ದಕ್ಕೆ ಮುನಿಸಿಕೊಂಡನೆಂದು ಕೊರಗಬೇಡ. ಮತ ನಿನ್ನ ಮನಸ್ಸಿಗೆ ಬಂದವರಿಗೆ ಹಾಕು, ಕೇಳಿದ್ದು ನಾನಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನೇ ಬರುತ್ತೇನೆ. ಬಾಯಿ ತೆರೆಯುವಂತಿಲ್ಲ, ಸುಮ್ಮನೆ ಕೂರುತ್ತೇನೆ. ನೀನು ಮಂಡಿನೋವಿನಿಂದ ಶುರುಮಾಡು.